ಅಜ್ಜನ ಹೆಸರಿನ ಕಾರ್ಡು

ಇಂಡಿ ಪಟ್ಟಣದಲ್ಲಿ ಕಂಪ್ಯೂಟರ್ ಇನ್ನೂ ಹೊಸದಾಗಿದ್ದ ಕಾಲ. ಡಾಕ್ಟರ್ ಬಸಂತರಾಯರ ದವಾಖಾನೆಗೆ ರೋಗಿಗಳ ಕಾರ್ಡು ಇಡುವ ಪ್ರೋಗ್ರಾಮನ್ನು ದಾನೇಶ್ವರಿ, ಸಂಜೀವಕುಮಾರ ಇಬ್ಬರೂ ಕೂಡಿ ಬರೆದು, ಅಲ್ಲೇ ಕುಳಿತು ನಡೆಸುತ್ತಿದ್ದರು. ಹೆಚ್ಚಿನ ಪಾಲು ಬರೆದವಳು ದಾನೇಶ್ವರಿ. ಡಾಕ್ಟರಿಗೆ ತಿಳಿಸಿ ಹೇಳುವವನು ಸಂಜೀವ. ಅವನಿಗೆ ಗೊತ್ತಿಲ್ಲವೆಂಬ ಮಾತೇ ಗೊತ್ತಿರಲಿಲ್ಲ. ಅವಳ ದನಿಯೋ, ಗಂಟಲು ದಾಟುವಷ್ಟರಲ್ಲಿ ಸಣ್ಣಗಾಗುತ್ತಿತ್ತು.

“ಸರ್, ಹೆಸರು, ತಂದಿ ಹೆಸರು, ಊರು, ಇಷ್ಟ ನೋಡಿ ಕಾರ್ಡ್ ಹುಡುಕಿದ್ರ ಸಾಲೂದಿಲ್ರಿ,” ಎಂದು ಒಮ್ಮೆ ಹೇಳಿದಳು. “ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗಗ ಇಡ್ತಾರ. ಅಜ್ಜನ ತಂದಿ ಹೆಸರು ಅಜ್ಜನ ಮಗಗ ಇಟ್ಟಿರ್ತಾರ. ಅಜ್ಜ, ಮೊಮ್ಮಗ ಇಬ್ರೂ ಒಂದ ಕಾರ್ಡಿನ್ಯಾಗ ಕೂಡತಾರ್ರಿ. ಒಬ್ಬೊಬ್ಬರಿಗೂ ಬ್ಯಾರೆ ನಂಬರ್ ಕೊಡೂಣು.”

ಸಂಜೀವ ನಕ್ಕ. “ಸರ್, ಈಕಿ ಊರ ಮಂದಿ ವಂಶಾವಳಿ ಬರಿಯಾಕ ಕುಂತಾಳ್ರಿ! ಹಳ್ಳಿ ಮಂದಿ ನಂಬರ್ ನೆನಪ ಇಡ್ತಾರೇನ್ರಿ? ಚಿಂತಿ ಬಿಡ್ರಿ, ನಾ ಅದೇನಿ.”

ಡಾಕ್ಟರು ಅವನ ಮಾತಿಗೇ ಒಪ್ಪಿ ತಲೆಯಾಡಿಸಿದರು.

ಸುಗ್ಗಿಯ ಹೊತ್ತಿಗೆ ಹೊರ್ತಿ ಊರಿನ ಮುದುಕ ಅಮೋಘಸಿದ್ಧ ದವಾಖಾನೆಯಲ್ಲಿಯೇ ಶಿವನ ಪಾದ ಸೇರಿದ. ಕೆಲವೇ ದಿನಗಳಲ್ಲಿ ಅವನ ಸೊಸೆ ದುರ್ಗವ್ವ ಹರೆಯದ ಮಗನನ್ನು ಕರೆತಂದಳು. ಕಾಲಿಗೆ ಕುಡಗೋಲು ತಾಗಿ, ಗಾಯ ಕೀವಾಗಿ, ಮೈ ಸುಡುತ್ತಿತ್ತು. ಹೆಸರು ಕೇಳಿದರೆ ಅವಳು ಸೆರಗು ಬಾಯಿಗೆ ಹಿಡಿದಳು. ಮಗನಿಗಿದ್ದದ್ದು ಮಾವನ ಹೆಸರು. ಮಾವನ ಹೆಸರು ಹೇಳುವುದುಂಟೆ? ಹುಡುಗನೇ ಕನವರಿಸಿದಂತೆ ಹೇಳಿದ, “ಅಮೋಘಸಿದ್ಧ, ಭೀಮಶ್ಯಾನ ಮಗ.”

ಪರದೆಯ ಮೇಲೆ ‘ಮೃತ’ ಎಂದು ಬಂದದ್ದನ್ನು ಸಂಜೀವ ಓದಿ ಹೇಳಿದ.

“ಕಣ್ಣ ಮುಂದ ನಿಂತಾವನ್ನ ಸತ್ತಾನ ಅಂತೈತೇನು ನಿನ್ನ ಪೆಟ್ಟಿಗಿ? ಅದರ ಬಾಯಾಗ ಮಣ್ಣ ಹಾಕ್ಲಿ!” ಎಂದು ದುರ್ಗವ್ವ ಸಿಡಿದಳು.

“ಸಿಟ್ಟಾಗಬ್ಯಾಡ ಯವ್ವಾ, ಈಗ ಹೊಸಾ ಜನ್ಮ ಕೊಡ್ತೇನಿ,” ಎಂದು ಸಂಜೀವ ಹೊಸ ಕಾರ್ಡು ತೆರೆದ.

ದಾನೇಶ್ವರಿ ಪರದೆಯತ್ತ ಬಾಗಿದಳು. ಹಳೆಯ ಕಾರ್ಡಿನಲ್ಲಿ, ಪೆನಿಸಿಲಿನ್ ಮೈಗಾಗದು, ಕೊಡಬಾರದೆಂಬ ಕೆಂಪು ಗುರುತು ಇತ್ತು. “ಆ ಗುರುತು ಯಾರದು, ಅಜ್ಜಂದೋ ಮೊಮ್ಮಗಂದೋ...”

“ಮುದುಕಂದು. ನನಗ ಗೊತ್ತೈತಿ.”

ತಾಯಿಯನ್ನೇ ಕೇಳಬೇಕೆಂದು ಅವಳು ಎದ್ದಳು. ಅವನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ತನ್ನ ಸಂಶಯವೇ ತಪ್ಪೆನ್ನಿಸಿ ಮತ್ತೆ ಕುಳಿತಳು. ಎಲ್ಲ ಪೆಟ್ಟಿಗೆಯಲ್ಲಿ ಇರುತ್ತದೆಂದು ನಂಬಿದ ದುರ್ಗವ್ವ ತಾನಾಗಿ ಏನೂ ಹೇಳಲಿಲ್ಲ. ಗುರುತಿಲ್ಲದ ಚೊಕ್ಕ ಕಾರ್ಡು ನೋಡಿ ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು.

ಹಿಂದೊಮ್ಮೆ ಬಂದಾಗ ಹಾಕಿದ್ದ ಆ ಗುರುತು ಮೊಮ್ಮಗನದಾಗಿತ್ತು. ಹುಡುಗ ಮಂಚದಿಂದ ಮತ್ತೆ ಏಳಲಿಲ್ಲ.

ಡಾಕ್ಟರು ಹಳೆಯ ಕಾರ್ಡು ತೆಗೆಸಿ ನೋಡಿದರು. ಸಂಜೀವ ಆಗಲೂ ತಡವರಿಸಲಿಲ್ಲ. “ಪ್ರೋಗ್ರಾಮ್ ಬರೋಬರಿ ಐತ್ರಿ ಸರ್. ಒಂದ ಹೆಸರು ಇಬ್ರಿಗಿಟ್ರ ಅದೇನ ಮಾಡೀತು?”

ಡಾಕ್ಟರು ದಾನೇಶ್ವರಿಯತ್ತ ತಿರುಗಿದರು. “ನಿನಗ ಗೊತ್ತಿತ್ತಲ್ಲವಾ, ಗಟ್ಟಿಯಾಗಿ ಯಾಕ ಹೇಳಲಿಲ್ಲ?”

“ನಂಬರ್ ಕೊಡಬೇಕ್ರಿ!” ಎಂದಳು. ದನಿ ಕೋಣೆಯ ತುಂಬ ಕೇಳಿಸಿತು. ಡಾಕ್ಟರು ಮೊದಲ ಸಲ ಅವಳ ಮಾತಿಗೆ ಹೂಂ ಎಂದರು.

ಹೊರಗೆ ದುರ್ಗವ್ವ, ಹುಟ್ಟಿದಾಗಿನಿಂದ ಒಮ್ಮೆಯೂ ಹೆಸರು ಹಿಡಿದು ಕರೆಯದಿದ್ದ ಮಗನನ್ನು, ಹೆಸರು ಹಿಡಿದು ಕೂಗುತ್ತಿದ್ದಳು.