ತುಂಬಬಾರದ ಸಂಪು

ಸಮುದ್ರವೇ ಇಲ್ಲದ ಹಿರಿಯೂರಿನಲ್ಲಿ ಕೂತು ಜೀವಂತ ಹವಳ ಸಾಕುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ. ನನ್ನ ಹವಳ ಎರಡು ಮೀನುಗಳ ಜೊತೆ ಮಹಡಿಯ ಕೋಣೆಯ ಸಣ್ಣ ತೊಟ್ಟಿಯಲ್ಲಿ ಚೆನ್ನಾಗಿಯೇ ಬೆಳೆದಿತ್ತು. ಈ ಬೇಸಿಗೆಗೆ ಮಾತ್ರ ನೀರು ಕಾದು, ಹವಳ ದಿನದಿನಕ್ಕೂ ಬಿಳಿಚಿಕೊಳ್ಳತೊಡಗಿತು. ಅದನ್ನು ಉಳಿಸಿಕೊಳ್ಳಲೇಬೇಕೆಂದು ತಣ್ಣಗಿರುವ ಹಾಲ್‌ನಲ್ಲಿ ದೊಡ್ಡ ಗಾಜಿನ ತೊಟ್ಟಿ ತಂದಿಟ್ಟೆ.

ಹಾಲ್ ಎಂದರೆ ನನ್ನ ಅತ್ತೆ ಶಿವಗಂಗಮ್ಮನವರ ರಾಜ್ಯ. ಹಿಂದೊಮ್ಮೆ ಅಲ್ಲಿಟ್ಟಿದ್ದ ತೊಟ್ಟಿ ಸೋರಿ, ಅವರ ದಿವಾನದ ಕೆಳಗಿದ್ದ ಶೇಂಗಾ ಚೀಲ ಪೂರ್ತಿ ಹಾಳಾಗಿತ್ತು.

"ನೋಡು ಬಿಂದು, ಈ ಸಲ ನೆಲ ಒದ್ದೆ ಆತೋ, ನಿನ್ ಮೀನು, ಹವಳ ಎಲ್ಲಾ ಮನೆಯಿಂದ ಆಚೆಗೆ. ಆಮ್ಯಾಲೆ ಅತ್ತೆ ಹೇಳ್ಲಿಲ್ಲ ಅನ್ಬ್ಯಾಡ."

ಅವರು ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದನ್ನು ನಾನು ನೋಡಿಲ್ಲ. ಆದರೂ "ಆಗ್ಲಿ ಅತ್ತೆ" ಎಂದುಬಿಟ್ಟೆ.

ನನ್ನ ಧೈರ್ಯವೆಲ್ಲ ಸಂಪಿನದು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕೂರುವ ಇನ್ನೊಂದು ಗಾಜಿನ ಪೆಟ್ಟಿಗೆ ಅದು. ಮೇಲಿನ ನೀರು ಪೈಪಿನಲ್ಲಿ ಇಳಿದು, ಅಲ್ಲಿ ಸ್ಪಂಜಿನಲ್ಲಿ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ಕರೆಂಟು ಹೋದರೆ ಪಂಪು ನಿಂತು, ತೊಟ್ಟಿಯಲ್ಲಿ ಪೈಪಿನ ಬಾಯಿಗಿಂತ ಮೇಲಿರುವ ನೀರೆಲ್ಲ ಕೆಳಗೆ ಸುರಿದುಬಿಡುತ್ತದೆ. ಅದಕ್ಕೆ ಜಾಗ ಬೇಕೆಂದು ಸಂಪನ್ನು ಅರ್ಧ ಖಾಲಿ ಬಿಡಬೇಕು. ನಮ್ಮೂರಿನ ಕರೆಂಟಂತೂ ಹೋಗುವುದಕ್ಕೆ ಮುಹೂರ್ತ ನೋಡುವುದಿಲ್ಲ.

ಭಾನುವಾರ ನನ್ನ ಗಂಡ ನಾಗರಾಜ್ ಪೈಪು ಜೋಡಿಸಿಕೊಟ್ಟರು. ಉಪ್ಪುನೀರು ತುಂಬಿಸಿ ಸ್ವಿಚ್ ಒತ್ತಿದೆ. ಪಂಪು ಗುರ್ ಎಂದಿತು, ನೀರು ಮೇಲೇರಿ ತೊಟ್ಟಿಗೆ ಧುಮುಕಿತು. ನಾನು ಕುಣಿದೇಬಿಟ್ಟೆ.

"ನಿಧಾನ ಕಣವ್ವ, ನೆಲ ಬಿರುಕು ಬಿಟ್ಟಾತು," ಎಂದರು ಅತ್ತೆ. ಹೊಸ ಫ್ರಿಜ್ಜಿಗೂ ಬೈಕಿಗೂ ವಿಭೂತಿ ಹಚ್ಚುವ ಅವರು ಸಂಪಿನ ಗಾಜಿನ ಹೊರಗೂ ಮೂರು ಬೆರಳು ಎಳೆದರು.

ಕಪಾಟಿನ ಬಾಗಿಲು ಮುಚ್ಚಿ ನಾನು ಹವಳ ನೋಡಲು ಮಹಡಿಗೆ ಓಡಿದೆ. ನಾಗರಾಜ್ ಸ್ನಾನಕ್ಕೆ ಹೋದರು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂದು, ಕೆಳಗಡೆ ಕೊಡಗಳ ಸದ್ದು ಶುರುವಾಯಿತು.

ಇಳಿದು ಬಂದವಳೇ ಎಲ್ಲರನ್ನೂ ಕರೆದೆ. "ಈಗ ಕರೆಂಟು ತೆಗೀತೀನಿ. ಒಂದು ಹನಿ ಆಚೆ ಬರಲ್ಲ, ನೋಡ್ತಿರ್ರಿ!"

ಮೇನ್ ಸ್ವಿಚ್ ಇಳಿಸಿದೆ. ಪೈಪಿನಲ್ಲಿ ಗುಳುಗುಳು ಎಂದು ನೀರು ಇಳಿಯಿತು. ಇಳಿಯುತ್ತಲೇ ಇತ್ತು. ಆಮೇಲೆ ಕಪಾಟಿನ ಸಂದಿಯಿಂದ ಹೊರಗೆ ಬಂದು, ಟೈಲ್ಸ್ ಮೇಲೆ ಹರಿದು, ನೆಟ್ಟಗೆ ದಿವಾನದ ಕಡೆಗೆ ಹೊರಟಿತು.

ಗಾಬರಿಯಾದರೆ ನನಗೆ ಮೊದಲು ಬರುವುದು ಸಿಟ್ಟು. "ಪೈಪಿನ ಬಾಯಿ ಎಷ್ಟು ಕೆಳಗೆ ಇಟ್ರಿ? ಒಂದು ಕೆಲ್ಸ ನೆಟ್ಟಗೆ ಮಾಡಕ್ಕೆ ಬರಲ್ವಾ?" ಎಂದು ನಾಗರಾಜ್ ಮೇಲೆ ಎಗರಿದೆ.

"ಅವನ್ನ ಬೈಬ್ಯಾಡ," ಎಂದರು ಅತ್ತೆ. ದನಿ ಸಣ್ಣಗಾಗಿತ್ತು. "ನಲ್ಲಿ ನೀರು ಬಂತಲ್ಲ. ನಿನ್ ಸಂಪು ನೋಡಿದ್ರೆ ಅರ್ಧಕ್ಕೇ ನಿಂತೈತೆ. ಪಾಪ, ಸಂಭ್ರಮದಾಗೆ ಮರ್ತವಳೆ ಅಂತ ನಾನೇ ಎರಡು ಕೊಡ ಹುಯ್ದೆ."

ನಮ್ಮ ಕಡೆ ಸಂಪು ಎಂದರೆ ಅಂಗಳದಡಿಯ ನೀರಿನ ತೊಟ್ಟಿ. ನಲ್ಲಿ ಬಂದ ದಿನ ಅದನ್ನು ಅಂಚಿನವರೆಗೆ ತುಂಬಿಸದಿದ್ದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ. ಜೀವಮಾನವಿಡೀ ಸಂಪು ತುಂಬಿಸಿದ ಕೈ ಸುಮ್ಮನೆ ಕೂರುತ್ತದೆಯೇ?

ಅತ್ತೆ ನೆಲವನ್ನೇ ನೋಡುತ್ತಿದ್ದರು. "ನೆಲ ಒದ್ದೆ ಆತು."

"ಹೂಂ ಅತ್ತೆ."

"ಆಚೆಗೆ ಅಂದಿದ್ದೆ."

"ಹೂಂ."

"ಒದ್ದೆ ಮಾಡಿದ್ದು ನಾನು. ಈಗ ನಾನೇ ಆಚೆಗೆ ಹೋಗ್ಲೇನು?"

ಮೊದಲು ನಕ್ಕಿದ್ದು ನಾಗರಾಜ್. ನಾನು ಒದ್ದೆ ನೆಲದಲ್ಲೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಲ್ಲಿ ನೀರು ಬೆರೆತ ಮೇಲೆ ಅದು ಹವಳಕ್ಕೆ ಆಗುವುದಿಲ್ಲ. ನೀರೆಲ್ಲ ಚೆಲ್ಲಿ, ಹೊಸದಾಗಿ ಉಪ್ಪು ಕಲಸಿ ಹದಕ್ಕೆ ತರುವಷ್ಟರಲ್ಲಿ ಮರುದಿನ ಸಂಜೆಯಾಯಿತು. ಪಂಪು ಓಡತೊಡಗಿದಾಗ ಅತ್ತೆ ವಿಭೂತಿ ಗಟ್ಟಿ ಹಿಡಿದು ಬಂದರು.

"ಎಲ್ಲೀಗಂಟ ಇರ್ಬೇಕು, ತೋರ್ಸು."

ಬೆರಳಿಟ್ಟು ತೋರಿಸಿದೆ. ಹಳೆಯ ವಿಭೂತಿ ಒರೆಸಿ, ನಾನು ತೋರಿಸಿದ ಮಟ್ಟಕ್ಕೆ ಹೊಸದಾಗಿ ಎಳೆದರು. "ಇದನ್ನ ದಾಟಿ ಯಾರಾದ್ರೂ ನೀರು ಹುಯ್ರಿ, ಆಗ ಐತೆ."

ಮತ್ತೊಮ್ಮೆ ಪರೀಕ್ಷಿಸಲು ನಾನು ಮೇನ್ ಸ್ವಿಚ್ ಕಡೆ ಹೆಜ್ಜೆ ಇಟ್ಟೆನೋ ಇಲ್ಲವೋ, ಊರ ಕರೆಂಟೇ ಹೋಯಿತು.

ಮೂವರೂ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ನೀರು ವಿಭೂತಿ ದಾಟಿತು. ಏರಿತು. ಇನ್ನೂ ಏರಿತು. ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. ಅಂಚಿಗೆ ನಾಲ್ಕು ಬೆರಳು ಇರುವಾಗ ನೀರು ನಿಂತಿತು.

"ನಿಂತ್ಕಂತು! ಲೇ ನಾಗರಾಜ, ನಿಂತ್ಕಂತು ನೋಡೋ!" ಎಂದು ಕೂಗಿದ್ದು ನಾನಲ್ಲ, ಅತ್ತೆ. ದಿವಾನದವರೆಗೂ ನೆಲದ ಮೇಲೆ ಅಂಗೈ ಆಡಿಸಿ, ಒದ್ದೆಯಾಗದ ಕೈಯನ್ನು ನನ್ನ ಮುಖದ ಮುಂದೆ ಹಿಡಿದರು.

"ಇನ್ನೇನ್ ನೋಡ್ತೀಯ? ಹೋಗು, ನಿನ್ ಹವಳನ ಹಾಲ್ ಒಳಗೆ ಕರ್ಕಂಡು ಬಾ."