ಹವಾಮಾನ ಓದಿದ ಕುಂದುಜ್

ಕುಂದುಜ್‌ಳ ಅಪ್ಪ ತೊಕ್ತೊಸುನ್ ಚೀನಾ ಗಡಿಯ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ. ತಾಯಿಯಿಲ್ಲದ ಮಗಳು ಶಾಲೆಗೆ ರಜೆ ಬಂತೆಂದರೆ ಅವನ ಪಕ್ಕದಲ್ಲೇ ಕೂತು ಊರೂರು ಸುತ್ತುವಳು. ದಾರಿಯಲ್ಲಿ ಹತ್ತಿದ ಯಾರನ್ನೂ ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲಿಗೆ ಹೋಗ್ತಿದೀರಿ, ಚೀಲದಲ್ಲಿ ಏನಿದೆ, ನಿಮ್ಮ ಕುದುರೆ ಯಾಕೆ ಸತ್ತಿತು?

"ಬಾಯಿ ಮುಚ್ಚೇ! ಅವರು ಲಾರಿ ಹತ್ತಿದ್ದು ಊರು ಸೇರೋಕೆ, ಪರೀಕ್ಷೆ ಬರೆಯೋಕಲ್ಲ" ಎಂದು ಅಪ್ಪ ಗದರುತ್ತಿದ್ದನಂತೆ.

ಅವಳು ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿ, ಕೆಲಕಾಲ ರೇಡಿಯೊದಲ್ಲಿ ದುಡಿದು, ಗುಡ್ಡಗಾಡಿನ ನಾರಿನ್ ಪಟ್ಟಣದ ನಮ್ಮ ಪುಟ್ಟ ಟಿವಿ ವಾಹಿನಿಗೆ ಬಂದಾಗ ನಾನು ಅಲ್ಲಿ ಕ್ಯಾಮೆರಾ ಹಿಡಿಯುತ್ತಿದ್ದೆ. ಸಂಜೆಯ ಸುದ್ದಿ ಅವಳದಾಯಿತು. ಜನ ಅವಳ ದನಿಗಿಂತ ಅವಳ ಪ್ರಶ್ನೆಗಳಿಗೆ ಕಾಯುತ್ತಿದ್ದರು.

ಒಂದು ಸಂಜೆ ಪಕ್ಕದ ಸೀಮೆಯ ಅಧಿಕಾರಿಯೊಬ್ಬರು ನೇರ ಪ್ರಸಾರಕ್ಕೆ ಬಂದು, ಮೇಲಿನ ಹುಲ್ಲುಗಾವಲಿನ ದಾರಿಯಲ್ಲಿ ಹೊಳೆಗೆ ಹೊಸ ಸೇತುವೆ ಸಿದ್ಧವಾಗಿದೆ ಎಂದರು.

"ನೀವು ಅದನ್ನ ದಾಟಿದೀರಾ?" ಎಂದಳು ಕುಂದುಜ್.

ಅಧಿಕಾರಿ ನೀರು ಕುಡಿದರು. "ದಾಟ್ತೀನಿ" ಎಂದರು.

ಮರುದಿನ ನಮ್ಮ ನಿರ್ದೇಶಕ ಎಸೆನ್‌ಬೆಕ್ ಅವಳನ್ನು ಕರೆದು, ಇನ್ನು ಮೇಲೆ ಹವಾಮಾನ ಓದಿದರೆ ಸಾಕು ಎಂದ. ಅವಳು ಜಗಳ ಆಡುತ್ತಾಳೆಂದು ನಾವೆಲ್ಲ ಬಾಗಿಲಾಚೆ ಕಿವಿಗೊಟ್ಟು ನಿಂತಿದ್ದೆವು. ಅವಳು ಅವನನ್ನು ಎಂದಿನಂತೆ ಅಣ್ಣ ಎಂಬರ್ಥದ ಬಾಯ್ಕೆ ಎಂದೇ ಕರೆದು ಕೇಳಿದ್ದು ಒಂದೇ: "ಬಾಯ್ಕೆ, ಈ ಹವಾಮಾನ ನಮಗೆ ಹೇಳೋರು ಯಾರು?"

"ಬಿಷ್ಕೆಕ್‌ನಿಂದ ಬರುತ್ತೆ."

"ಬಿಷ್ಕೆಕ್‌ನಲ್ಲಿ ಕೂತೋರಿಗೆ ನಮ್ಮ ಗುಡ್ಡದ ಹಿಮ ಕಾಣುತ್ತಾ?"

ಅಂದಿನಿಂದ ಅವಳು ಹುಲ್ಲುಗಾವಲಿನ ಕುರಿಗಾಹಿಗಳಿಗೇ ಫೋನ್ ಹಚ್ಚತೊಡಗಿದಳು, ಅದೂ ನೇರ ಪ್ರಸಾರದಲ್ಲಿ. ಅವರಲ್ಲಿ ಸಾಯ್ರಾಕನ್ ಎಂಬ ಮುದುಕಿ ಬಹುಬೇಗ ಹೆಸರಾದಳು. ಸಿಗ್ನಲ್ ಸಿಗಲೆಂದು ಸಂಜೆ ದಿಬ್ಬ ಹತ್ತಿ ಕೂರುತ್ತಿದ್ದಳು. ಕುಂದುಜ್ ಅವಳನ್ನು ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

"ಹಿಮ ಬಿತ್ತಾ, ಅಪಾ?"

"ಬಿತ್ತು ಕಣೇ. ನನ್ನ ಗಂಡನ ಗಡ್ಡದ ಹಾಗೆ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು."

ಚಹಾ ಅಂಗಡಿಗಳಲ್ಲಿ ಜನ ಸುದ್ದಿ ನಡೆವಾಗ ಹರಟೆ ಹೊಡೆದು, ಹವಾಮಾನ ಬಂದಾಗ ಸುಮ್ಮನಾಗುತ್ತಿದ್ದರು.

ಶರತ್ಕಾಲ ಬಂತು. ಮಂದೆಗಳು ಕೆಳಗಿಳಿಯುವ ಹೊತ್ತು. ಕುಂದುಜ್ ಎಂದಿನಂತೆ ಕೇಳಿದಳು: "ಯಾವಾಗ ಇಳೀತೀರಿ, ಅಪಾ?"

"ಹೊಳೆ ನೀರು ಇಳಿದ ಮೇಲೆ."

"ಸೇತುವೆ ಇದೆಯಲ್ಲ?"

"ಯಾವ ಸೇತುವೆ? ನೀರಲ್ಲಿ ಎರಡು ಕಂಬ ನಿಂತಿವೆ. ಹದ್ದು ಬಂದು ಕೂರುತ್ತೆ. ನಾನೇನು ಹದ್ದೇ?"

ಸ್ಟುಡಿಯೋದ ಗಾಜಿನಾಚೆ ಎಸೆನ್‌ಬೆಕ್ ನಿಲ್ಲಿಸು ಎಂದು ಎರಡೂ ಕೈ ಬೀಸುತ್ತಿದ್ದ. ಕುಂದುಜ್, "ಗಾಳಿ ಎತ್ತ ಕಡೆಯಿಂದ ಬೀಸ್ತಿದೆ, ಅಪಾ?" ಎಂದಳು.

ಪ್ರಸಾರ ಮುಗಿಯುವ ಮೊದಲೇ ಫೋನುಗಳು ಬಡಿದುಕೊಳ್ಳತೊಡಗಿದವು. ಒಬ್ಬನಂತೂ, "ನಮ್ಮೂರ ಆಸ್ಪತ್ರೆಯ ಹವಾಮಾನಾನೂ ಒಮ್ಮೆ ವಿಚಾರಿಸಿ" ಎಂದ.

ಎಸೆನ್‌ಬೆಕ್ ಕೆಂಪಗಾಗಿ ಒಳಬಂದ. "ಬೇಕಂತಲೇ ಕೇಳಿದೆ ತಾನೇ?"

"ನನಗೆ ಗೊತ್ತಿರಲಿಲ್ಲ, ಬಾಯ್ಕೆ. ಗೊತ್ತಿದ್ರೆ ಯಾಕೆ ಕೇಳ್ತಿದ್ದೆ?"

ಅವನು ಧೊಪ್ಪನೆ ಕುರ್ಚಿಯಲ್ಲಿ ಕುಸಿದ. "ನನ್ನ ತಮ್ಮನ ಕುದುರೆಗಳೂ ಆ ದಡದಲ್ಲೇ ಇವೆ. ಅವನು ನನಗೆ ಒಂದು ಮಾತೂ ಹೇಳಲಿಲ್ಲ."

"ನೀವು ಕೇಳಿದ್ರಾ?"

ಎಸೆನ್‌ಬೆಕ್ ಜೇಬಿನಿಂದ ತನ್ನ ಜೀಪಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಬೆಳಿಗ್ಗೆ ಕುಂದುಜ್ ಮತ್ತು ನಾನು ಅದೇ ಜೀಪಿನಲ್ಲಿ ಹೊಳೆಗೆ ಹೋಗಿ ಆ ಕಂಬಗಳನ್ನು ಚಿತ್ರಿಸಿ ತಂದೆವು. ಅದು ಅಂದಿನ ಮೊದಲ ಸುದ್ದಿಯಾಗಿ ಹೋಯಿತು, ಓದಿದವಳು ಕುಂದುಜ್. ಅದೇ ವಾರ ರಾಜಧಾನಿಯಿಂದ ಕೆಲಸಗಾರರು ಬಂದು ಆ ಕಂಬಗಳ ಮೇಲೆ ಮರದ ಹಲಗೆ ಹಾಸಿದರು. ದೊಡ್ಡ ಹಿಮ ಬೀಳುವ ಮೊದಲೇ ಮಂದೆಗಳು ಇಳಿದವು. ಅಧಿಕಾರಿಯನ್ನು ಮಾತ್ರ ಬೇರೆ ಕಡೆಗೆ ವರ್ಗ ಮಾಡಿದರು, ಅಷ್ಟೇ.

ಸಾಯ್ರಾಕನ್ ಸೇತುವೆ ದಾಟುವುದನ್ನು ಚಿತ್ರಿಸಲು ಮತ್ತೆ ಹೋದೆವು. ಮುದುಕಿ ಕುದುರೆಯಿಂದ ಇಳಿದು, ಮೈಕ್ ಹಿಡಿದು ನಿಂತ ಕುಂದುಜ್‌ಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಟಿವಿಯಲ್ಲಿ ದಪ್ಪ ಕಾಣ್ತೀಯ. ಮದುವೆ ಆಗಿದೆಯಾ?"

"ಇಲ್ಲ, ಅಪಾ. ಈ ಸೇತುವೆ..."

"ಸೇತುವೆ ಇರಲಿ ಬಿಡು. ಯಾಕೆ ಆಗಿಲ್ಲ? ಅಡುಗೆ ಯಾರು ಮಾಡ್ತಾರೆ? ರಾತ್ರಿ ಹೆದರಿಕೆ ಆಗಲ್ವಾ?"

ಊರಿಗೆಲ್ಲ ಪ್ರಶ್ನೆ ಕೇಳುವವಳು ಕಿವಿಯವರೆಗೂ ಕೆಂಪಾಗಿ ನನ್ನತ್ತ ತಿರುಗಿ, ನಿಲ್ಲಿಸು ಎಂದು ಸನ್ನೆ ಮಾಡಿದಳು. ನನಗೂ ಉತ್ತರ ತಿಳಿಯುವ ಆಸೆಯಿತ್ತು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ.