ಗುಣಪಾಲನ ಬಾಯಿಗೆ ಮಜ್ಜಿಗೆ

ಮೊಗ್ರಾಲಿನಲ್ಲಿ ಗುಣಪಾಲನಿಗೆ ಒಂದು ಸೆಲೂನ್. ಕೈ ಹಗುರ, ಕತ್ತರಿ ಚುರುಕು. ಆದರೆ ಗಡ್ಡ ತೆಗೆಯಲು ಬಗ್ಗಿದನೆಂದರೆ ಗಿರಾಕಿ ಉಸಿರು ಬಿಗಿ ಹಿಡಿಯಬೇಕು.

ಒಂದು ದಿನ ಹಳೆಯ ಗಿರಾಕಿ ರೆಜಿನಾಲ್ಡ್ ಅರ್ಧ ಗಡ್ಡಕ್ಕೇ ಎದ್ದು ನಿಂತ. ಕೆನ್ನೆಯಲ್ಲಿ ನೊರೆ ಹಾಗೆಯೇ ಇತ್ತು.

"ಸಿಟ್ಟು ಮಾಡಬೇಡಿ ಗುಣಪಾಲಣ್ಣ. ನಿಮ್ಮ ಬಾಯಿವಾಸನೆ ತಡೆಯಲಿಕ್ಕೆ ಆಗುದಿಲ್ಲ ಮಾರಾಯ್ರೆ! ಹೀಗಾದರೆ ಅಂಗಡಿಗೆ ಯಾರೂ ಬರಲಿಕ್ಕಿಲ್ಲ. ನಾಯ್ಮಾರ್ಮೂಲೆಯಲ್ಲಿ ನನ್ನ ಅಣ್ಣನ ಮಗಳು ಎಲ್ವಿಟಾ ಹಲ್ಲಿನ ಡಾಕ್ಟ್ರು. ಒಮ್ಮೆ ತೋರಿಸಿ."

ಗುಣಪಾಲ ಮನೆಗೆ ಬಂದು ಹೆಂಡತಿಯನ್ನು ಕೇಳಿದ, "ನನ್ನ ಬಾಯಿ ಅಷ್ಟು ನಾರುತ್ತದಾ?"

"ಮತ್ತೆ? ನಾನು ಗೋಡೆಗೆ ಮುಖ ಮಾಡಿ ಮಲಗುದು ಸೆಕೆಗೆ ಅಂತ ಗ್ರಹಿಸಿದ್ದೀರಾ?" ಎಂದಳು ವಸುಮತಿ.

ಮರುದಿನವೇ ಅವನು ಹೋದ. ಎಲ್ವಿಟಾ ಬಾಯಿ ನೋಡಿದಳು. ಒಸಡಿನಲ್ಲಿ ರಕ್ತ, ಹಲ್ಲಿನ ಬುಡದಲ್ಲಿ ಗಟ್ಟಿ ಪಾಚಿ.

"ನಿಮ್ಮ ಬಾಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಾಗಿದೆ. ಒಳ್ಳೆಯವೂ ಉಂಟು. ಮೊಸರು, ಮಜ್ಜಿಗೆಯಲ್ಲಿ ಅಂಥ ಒಳ್ಳೆಯವು ಸಿಗ್ತವೆ, ಪ್ರೊಬಯೋಟಿಕ್ ಅಂತ ಹೇಳ್ತೇವೆ. ಆದರೆ ಮೊದಲು ಹಲ್ಲು ಕ್ಲೀನ್..."

"ಕ್ಲೀನ್ ಮತ್ತೆ ನೋಡುವ!" ಎಂದು ಗುಣಪಾಲ ಕುರ್ಚಿಯಿಂದ ಇಳಿದೇಬಿಟ್ಟ.

ಮನೆಗೆ ಬಂದವನೇ ಬ್ರಷ್ ಬಿಸಾಡಿದ. "ಒಳ್ಳೆಯ ಬ್ಯಾಕ್ಟೀರಿಯಾವನ್ನು ಉಜ್ಜಿ ಕೊಲ್ಲುದು ಎಂತಕ್ಕೆ?" ಎಂದು ಮೂರು ಹೊತ್ತೂ ಮೊಸರಿಗೆ ಸಕ್ಕರೆ ಸುರಿದು ತಿಂದ. ವಾರ ಕಳೆಯುವಷ್ಟರಲ್ಲಿ ಒಸಡು ಊದಿ ಕೆನ್ನೆ ಹಲಸಿನ ಕಾಯಿಯಾಯಿತು. ವಸುಮತಿ ಅವನನ್ನು ಬಸ್ಸು ಹತ್ತಿಸಿ ಎಲ್ವಿಟಾಳ ಹತ್ತಿರ ಕರೆದುಕೊಂಡು ಹೋದಳು.

"ಮೊಸರು ತಿನ್ನಿ ಅಂದೆ, ಬ್ರಷ್ ಬಿಸಾಡಿ ಅಂದೆನಾ?" ಎಲ್ವಿಟಾ ತಲೆಗೆ ಕೈ ಹಚ್ಚಿದಳು. "ಸಕ್ಕರೆ ಅಂದರೆ ಕೆಟ್ಟವಕ್ಕೆ ಪಾಯಸದ ಊಟ! ಒಳ್ಳೆಯವಕ್ಕೆ ಬೇಕಾದ್ದು ನಾರಿನಂಶ. ಕಾಳು, ಬಾಳೆಕಾಯಿ, ನೀರುಳ್ಳಿ ತಿನ್ನಿ. ಒಳ್ಳೆಯವುಗಳ ಆ ಊಟಕ್ಕೆ ಪ್ರಿಬಯೋಟಿಕ್ ಅಂತ ಹೇಳ್ತೇವೆ."

"ಬಾಯಿವಾಸನೆಗೆ ನೀರುಳ್ಳಿಯಾ ಡಾಕ್ಟ್ರೇ?"

"ಸಾಂಬಾರು, ಪಲ್ಯ ಅಂಥ ಪದಾರ್ಥದಲ್ಲಿ ಬೇಯಿಸಿ ತಿನ್ನಿ ಮಾರಾಯ್ರೆ! ಮತ್ತೆ ಇದೆಲ್ಲ ಸಹಾಯಕ್ಕೆ ಮಾತ್ರ. ಬ್ರಷ್ಷಿನ ಕೆಲಸ ಬ್ರಷ್ಷೇ ಮಾಡಬೇಕು."

ಈ ಸಲ ಗುಣಪಾಲ ಕುರ್ಚಿಯಿಂದ ಇಳಿಯಲಿಲ್ಲ. ವಸುಮತಿ ಬಾಗಿಲಲ್ಲೇ ನಿಂತಿದ್ದಳು. ಹಲ್ಲು ಕ್ಲೀನ್ ಆಯಿತು, ಒಸಡಿನ ಊತ ಇಳಿಯಿತು, ಬಾಯಿವಾಸನೆಯೂ ಹೋಯಿತು. ವಸುಮತಿ ಮನೆಯವರೆಲ್ಲರಿಗೂ ಹೊಸ ಬ್ರಷ್ ತಂದಳು, ಗಂಡನ ಊಟಕ್ಕೆ ಸಕ್ಕರೆ ಹಾಕದ ಮಜ್ಜಿಗೆ ಇಟ್ಟಳು. ಸೆಲೂನಿಗೆ ಜನ ಮರಳಿದರು. ಈಗ ಅವರದು ಬೇರೆಯೇ ದೂರು: ಗುಣಪಾಲ ಮಜ್ಜಿಗೆಯ ಗುಣಗಾನ ನಿಲ್ಲಿಸುವುದೇ ಇಲ್ಲ.

ನಿಮ್ಮ ಒಸಡಿನಲ್ಲೂ ರಕ್ತ ಬರುತ್ತದೆಯೇ? ನಾಚಿಕೊಂಡು ಬಾಯಿ ಮುಚ್ಚಿ ಕೂರಬೇಡಿ, ಹಲ್ಲಿನ ವೈದ್ಯರಿಗೆ ತೋರಿಸಿ. ಊಟಕ್ಕೆ ಸಕ್ಕರೆ ಹಾಕದ ಮಜ್ಜಿಗೆ ಇರಲಿ, ಕಾಳು ತರಕಾರಿ ಇರಲಿ. ಬೆಳಿಗ್ಗೆ ಹಲ್ಲುಜ್ಜಿ, ರಾತ್ರಿ ಮಲಗುವ ಮೊದಲು ಇನ್ನೊಮ್ಮೆ ಉಜ್ಜಿ. ಇವತ್ತು ರಾತ್ರಿಯಿಂದಲೇ ಶುರುಮಾಡಿ!